ಹೃದಯದ ಮಂದಗತಿ: ನರದ ಹಿಡಿತವೋ, ಗಂಟಿನ ಗುಣವೋ?

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ ಎಂಬುದು ವೈದ್ಯಕೀಯ ಪಠ್ಯಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಮಿಡಿತ 60ಕ್ಕಿಂತ ಕೆಳಗಿಳಿದರೆ ಅದನ್ನು ಬ್ರಾಡಿಕಾರ್ಡಿಯಾ, ಅಂದರೆ ಹೃದಯದ ಮಂದಗತಿ, ಎನ್ನುವುದು ರೂಢಿ. ಆದರೆ ಈ ಗೆರೆಯ ಕೆಳಗೆ ಬಂದು ನಿಲ್ಲುವವರು ಒಂದೇ ಜಾತಿಯವರಲ್ಲ. ದೂರದ ಓಟದಲ್ಲಿ ಪಳಗಿದವರು, ಗಾಢನಿದ್ರೆಯಲ್ಲಿರುವ ಆರೋಗ್ಯವಂತ ತರುಣರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ವೃದ್ಧರು, ಥೈರಾಯ್ಡ್ ಗ್ರಂಥಿಯ ಸ್ರಾವ ಕುಂದಿದವರು, ಕೀಟನಾಶಕದ ವಿಷವೇರಿದವರು, ಹೃದಯದೊಳಗಿನ ವಿದ್ಯುತ್ತಿನ ಹಾದಿ ಕಡಿದು ಯಾವ ಗಳಿಗೆಯಲ್ಲಾದರೂ ಪ್ರಜ್ಞೆ ತಪ್ಪಬಹುದಾದವರು, ಇವರೆಲ್ಲರ ನಾಡಿಯೂ ಎಣಿಕೆಗೆ 45 ಎಂದೇ ಸಿಗಬಹುದು. ಆದ್ದರಿಂದ ಎಣಿಕೆಯೊಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಹೃದಯವನ್ನು ನಿಧಾನಗೊಳಿಸುತ್ತಿರುವುದು ಯಾವುದು, ಅದು ಹೊರಗಿನ ನರವೋ ಒಳಗಿನ ಅಂಗಾಂಶವೋ ಎಂಬುದೇ ನಿಜವಾದ ಪ್ರಶ್ನೆ. ನೂರಾ ಎಪ್ಪತ್ತು ವರ್ಷಗಳಿಗೂ ಹಳೆಯದಾದ ಈ ಪ್ರಶ್ನೆ ಕ್ರೀಡಾಪಟುಗಳ ಹೃದಯದ ವಿಷಯದಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ನಾಡಿಯ ಎಣಿಕೆಯಿಂದ ಹೃದಯದ ಗಂಟಿನವರೆಗೆ

ನಾಡಿ ಮಂದವಾಗುವುದನ್ನು ಗುರುತಿಸಿದ್ದು ಗಡಿಯಾರಕ್ಕಿಂತ ಹಳೆಯ ಕಾಲದ ಮಾತು. ಶಾರ್ಙ್ಗಧರ ಸಂಹಿತೆಯು ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿ ದೋಷಗಳನ್ನು ವಿಂಗಡಿಸುತ್ತದೆ ಮತ್ತು ಜಠರಾಗ್ನಿ ಕುಂದಿದವರಲ್ಲಿ, ಧಾತು ಕ್ಷೀಣಿಸಿದವರಲ್ಲಿ ನಾಡಿ ತೀರ ಮಂದವಾಗುತ್ತದೆ ಎನ್ನುತ್ತದೆ. ಅಲ್ಲಿರುವುದು ಗುಣದ ವಿವರಣೆಯೇ ಹೊರತು ಸಂಖ್ಯೆಯಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ನಾಡಿ ಎಣಿಸಲೆಂದೇ ಮಾಡಿಸಿದ ಗಡಿಯಾರದ ಬಗ್ಗೆ ಪುಸ್ತಕ ಬರೆದ ಮೇಲೂ ಎಣಿಕೆ ವೈದ್ಯರ ದಿನಚರಿಯ ಭಾಗವಾಗಲು ಬಹಳ ಕಾಲ ಹಿಡಿಯಿತು.

ಮಂದ ನಾಡಿಗೂ ಮೂರ್ಛೆಗೂ ಇರುವ ನಂಟು ಕಾಣಿಸಿಕೊಂಡದ್ದು ಬೇರೆ ದಾರಿಯಲ್ಲಿ. ಇಟಲಿಯ ಮೊರ್ಗಾನ್ಯಿ 1761ರಲ್ಲಿ, ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1827ರಲ್ಲಿ, ಅದೇ ಊರಿನ ವಿಲಿಯಂ ಸ್ಟೋಕ್ಸ್ 1846ರಲ್ಲಿ, ನಾಡಿ ಅತಿ ನಿಧಾನವಾಗಿದ್ದು ಆಗಾಗ್ಗೆ ಅಪಸ್ಮಾರದಂತೆ ಬೀಳುತ್ತಿದ್ದ ರೋಗಿಗಳನ್ನು ವರ್ಣಿಸಿದರು. ಇಂಥ ಮೂರ್ಛೆಯ ಮೂಲ ಮಿದುಳಲ್ಲ, ಹೃದಯ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು. ಸ್ಟೋಕ್ಸ್-ಆಡಮ್ಸ್ ದಾಳಿ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಅದೇ ಹೊತ್ತಿಗೆ, 1845ರಲ್ಲಿ, ಜರ್ಮನಿಯ ವೆಬರ್ ಸಹೋದರರು ಮಿದುಳಿನ ಬುಡದಿಂದ ಎದೆ ಮತ್ತು ಹೊಟ್ಟೆಗೆ ಇಳಿದುಬರುವ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ ಎಂದು ತೋರಿಸಿದರು. ನರವೊಂದು ಅಂಗವನ್ನು ಕೆಲಸಕ್ಕೆ ಹಚ್ಚುವ ಬದಲು ತಡೆಯಬಲ್ಲದು ಎಂಬುದೇ ಆಗಿನವರಿಗೆ ಹೊಸ ಸಂಗತಿ. ಆಟೊ ಲೋವಿ 1921ರಲ್ಲಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು. ನರ ಮಾತಾಡುವುದು ರಾಸಾಯನಿಕದ ಮೂಲಕ ಎಂಬುದಕ್ಕೆ ಇದು ಪುರಾವೆಯಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ 1936ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಎರಡು ಆವಿಷ್ಕಾರಗಳ ನಡುವೆ ಹೃದಯದೊಳಗಿನ ಅಂಗರಚನೆಯೂ ಬಯಲಾಯಿತು. ಜಪಾನಿನ ಸುನಾವೊ ತವಾರಾ 1906ರಲ್ಲಿ ಮೇಲಿನ ಹೃತ್ಕರ್ಣಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ಇರುವ ಎವಿ ಗಂಟನ್ನು ವಿವರಿಸಿದರೆ, ಮರುವರ್ಷ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಬಲ ಹೃತ್ಕರ್ಣದ ಗೋಡೆಯಲ್ಲಿ ಸೈನಸ್ ಗಂಟನ್ನು ಗುರುತಿಸಿದರು. ಮಿಡಿತ ಹುಟ್ಟುವುದು ಈ ಸೈನಸ್ ಗಂಟಿನಲ್ಲಿ. ಎವಿ ಗಂಟಿನ ಮೂಲಕ ಅದು ಕೆಳಗಿಳಿದು ಹೃತ್ಕುಕ್ಷಿಗಳನ್ನು ಸಂಕುಚಿಸುತ್ತದೆ.

ನಿಧಾನವಾಗುವುದು ಎಲ್ಲಿ

ಇಷ್ಟು ತಿಳಿದ ಮೇಲೆ ಮಂದಗತಿಯನ್ನು ಎರಡಾಗಿ ಒಡೆಯುವುದು ಸಾಧ್ಯವಾಯಿತು. ಸೈನಸ್ ಗಂಟೇ ನಿಧಾನವಾಗಿ ಮಿಡಿತ ಹುಟ್ಟಿಸಿದರೆ ಅದು ಸೈನಸ್ ಮಂದಗತಿ. ಗಂಟು ಸರಿಯಾಗಿದ್ದೂ ಅದರ ಸಂಜ್ಞೆ ಕೆಳಗೆ ತಲುಪದಿದ್ದರೆ ಅದು ತಡೆ, ಅಂದರೆ ಬ್ಲಾಕ್. ತಡೆಯಲ್ಲಿಯೂ ಮೆಟ್ಟಿಲುಗಳಿವೆ: ಸಂಜ್ಞೆ ತಡವಾಗಿಯಾದರೂ ತಲುಪುವುದು ಮೊದಲನೆಯದು, ಕೆಲವು ಮಾತ್ರ ತಲುಪುವುದು ಎರಡನೆಯದು, ಯಾವುದೂ ತಲುಪದೆ ಹೃತ್ಕುಕ್ಷಿಗಳು ತಮ್ಮದೇ ನಿಧಾನಗತಿಯಲ್ಲಿ ಮಿಡಿಯುವುದು ಮೂರನೆಯದು, ಅಂದರೆ ಪೂರ್ಣ ತಡೆ. ಎರಡನೆಯ ಮೆಟ್ಟಿಲಿನಲ್ಲಿ ವೆಂಕೆಬಾಕ್ 1899ರಲ್ಲಿ ವರ್ಣಿಸಿದ, ತಡ ಹೆಚ್ಚುತ್ತ ಹೋಗಿ ಒಂದು ಮಿಡಿತ ತಪ್ಪುವ ಬಗೆ ಬಹುಮಟ್ಟಿಗೆ ಸೌಮ್ಯ. ಯಾವ ಮುನ್ಸೂಚನೆಯೂ ಇಲ್ಲದೆ ಮಿಡಿತ ಥಟ್ಟನೆ ತಪ್ಪುವ ಇನ್ನೊಂದು ಬಗೆ ಅಪಾಯಕಾರಿ. ಇವೆಲ್ಲವನ್ನೂ ಬೇರ್ಪಡಿಸಿ ತೋರಿಸಬಲ್ಲ ಉಪಕರಣ ಇಸಿಜಿ ಒಂದೇ. ಕೈಬೆರಳಿಗೆ ಸಿಗುವ ನಾಡಿಯಾಗಲಿ ಮಣಿಕಟ್ಟಿನ ಗಡಿಯಾರ ತೋರಿಸುವ ಅಂಕಿಯಾಗಲಿ ಈ ಕೆಲಸ ಮಾಡಲಾರವು.

ಮಂದಗತಿ ದೇಹಕ್ಕೆ ಹೊರೆಯಾಗುತ್ತದೆಯೇ ಎಂಬುದು ಸರಳ ಗುಣಾಕಾರದ ಮೇಲೆ ನಿಂತಿದೆ. ಹೃದಯ ನಿಮಿಷಕ್ಕೆ ಹೊರದೂಡುವ ರಕ್ತವೆಂದರೆ ಮಿಡಿತದ ಸಂಖ್ಯೆಯನ್ನು ಪ್ರತಿ ಮಿಡಿತದ ಪ್ರಮಾಣದಿಂದ ಗುಣಿಸಿದ ಮೊತ್ತ. 70 ಮಿಲಿಲೀಟರಿನಂತೆ 70 ಬಾರಿ ಮಿಡಿದರೂ, 110 ಮಿಲಿಲೀಟರಿನಂತೆ 45 ಬಾರಿ ಮಿಡಿದರೂ ಮೊತ್ತ ಸುಮಾರು ಐದು ಲೀಟರೇ. ಪ್ರತಿ ಮಿಡಿತದ ಪ್ರಮಾಣ ಹೆಚ್ಚಿಸಲಾಗದ ಹೃದಯ ನಿಧಾನವಾದಾಗ ಮಾತ್ರ ಆಯಾಸ, ಏದುಸಿರು, ತಲೆಸುತ್ತು, ಕಣ್ಣಿಗೆ ಕತ್ತಲೆ ಕವಿಯುವುದು, ಎಚ್ಚರ ತಪ್ಪುವುದು ಶುರುವಾಗುತ್ತವೆ.

ಗೆರೆ ಎಳೆಯುವ ಕಷ್ಟ

60 ಎಂಬ ಗೆರೆಗೆ ಅನುಕೂಲವೇ ಮುಖ್ಯ ಆಧಾರ. ಅಮೆರಿಕದ ಹೃದಯತಜ್ಞ ಡೇವಿಡ್ ಸ್ಪೋಡಿಕ್ 1990ರ ದಶಕದ ಆರಂಭದಲ್ಲೇ ಸಹಜ ವ್ಯಾಪ್ತಿಯನ್ನು 50ರಿಂದ 90 ಎಂದು ತಿದ್ದಬೇಕೆಂದು ವಾದಿಸಿದ್ದರು. 2018ರಲ್ಲಿ ಅಮೆರಿಕದ ಹೃದಯತಜ್ಞರ ಸಂಘಟನೆಗಳು ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ ಸೈನಸ್ ಮಂದಗತಿಗೆ 50ಕ್ಕಿಂತ ಕಡಿಮೆ ಎಂಬ ಗೆರೆಯನ್ನು ಒಪ್ಪಿತು. ಹಳೆಯ ಗೆರೆಯಿಂದ ಆರೋಗ್ಯವಂತರು ಎಷ್ಟೋ ಮಂದಿ ಅನಗತ್ಯವಾಗಿ ರೋಗಿಗಳ ಪಟ್ಟಿಗೆ ಸೇರುತ್ತಿದ್ದರಾದ್ದರಿಂದ ಈ ತಿದ್ದುಪಡಿ ತಡವಾಗಿ ಬಂದದ್ದೆಂದೇ ಹೇಳಬೇಕು.

ಅಂಕಿಗಿಂತ ಸಂದರ್ಭ ಮುಖ್ಯ ಎಂಬುದನ್ನು 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮುದಾಯ ಅಧ್ಯಯನ ಚೆನ್ನಾಗಿ ತೋರಿಸಿತು. ಆರು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಳ ಕಾಲ ಅನುಸರಿಸಿದಾಗ, ಹೃದಯದ ವೇಗ ಬದಲಿಸುವ ಔಷಧ ತೆಗೆದುಕೊಳ್ಳದವರಲ್ಲಿ 50ಕ್ಕಿಂತ ಕಡಿಮೆಯ ಮಿಡಿತಕ್ಕೂ ಹೆಚ್ಚಿನ ಸಾವಿಗೂ ಸಂಬಂಧ ಕಾಣಲಿಲ್ಲ. ಅಂಥ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಅದೇ ಅಂಕಿಯ ಜೊತೆ ಸಾವಿನ ಅಪಾಯ ಹೆಚ್ಚಿತ್ತು. ಅಪಾಯ ಔಷಧದಿಂದಲೋ, ಔಷಧ ಬೇಕಾದ ರೋಗದಿಂದಲೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು.

ಕ್ರೀಡಾಪಟುವಿನ ಹೃದಯ: ವೇಗಸ್ ಪಕ್ಷ

ಸ್ವೀಡನ್ನಿನ ಹೆನ್ಶೆನ್ 1899ರಲ್ಲಿ ಹಿಮದ ಮೇಲೆ ದೂರ ಜಾರುವ ಪಟುಗಳ ಎದೆಯನ್ನು ಬೆರಳಿನಿಂದ ತಟ್ಟಿಯೇ ಅವರ ಹೃದಯ ಹಿಗ್ಗಿದೆ ಎಂದು ಕಂಡುಕೊಂಡು, ಅದು ರೋಗವಲ್ಲ, ಹೆಚ್ಚು ದುಡಿಯಬಲ್ಲ ಹೃದಯದ ಗುರುತು ಎಂದು ವಾದಿಸಿದರು. ಇಂಥವರ ನಾಡಿ ನಿಧಾನವಾಗಿರುವುದೂ ಬೇಗನೆ ಎಲ್ಲರಿಗೂ ಪರಿಚಿತ ಸಂಗತಿಯಾಯಿತು. 1991ರಿಂದ 1995ರವರೆಗೆ ಸತತ ಐದು ಬಾರಿ ಟೂರ್ ದ ಫ್ರಾನ್ಸ್ ಗೆದ್ದ ಸ್ಪೇನಿನ ಸೈಕಲ್ ಪಟು ಮಿಗೆಲ್ ಇಂದುರಾಯಿನ್ ಅವರ ವಿಶ್ರಾಂತಿಯ ಮಿಡಿತ 28 ಇತ್ತೆಂದು ವರದಿಗಳು ಹೇಳುತ್ತವೆ.

ಇದಕ್ಕೆ ಪಠ್ಯಪುಸ್ತಕಗಳು ದಶಕಗಳಿಂದ ಕೊಟ್ಟುಬಂದ ಉತ್ತರ ವೇಗಸ್ ನರದ ಹಿಡಿತ ಬಿಗಿಯಾಗುತ್ತದೆ ಎಂಬುದು. ಈ ಪಕ್ಷದ ಬಲ ಕಡಿಮೆಯೇನಲ್ಲ. ವೇಗಸ್ಸಿನ ಪರಿಣಾಮವನ್ನು ಅಳಿಸುವ ಅಟ್ರೋಪಿನ್ ಕೊಟ್ಟರೆ ಕ್ರೀಡಾಪಟುವಿನ ಮಿಡಿತ ಏರುತ್ತದೆ. ನಿದ್ರೆಯಲ್ಲಿ ಕಾಣುವ ವೆಂಕೆಬಾಕ್ ತಡೆ ಎದ್ದು ನಾಲ್ಕು ಹೆಜ್ಜೆ ಓಡಿದೊಡನೆ ಮಾಯವಾಗುತ್ತದೆ. ಮಿಡಿತಗಳ ನಡುವಿನ ಅಂತರದ ಏರಿಳಿತ, ಅಂದರೆ ಹೃದಯಗತಿಯ ವ್ಯತ್ಯಯ, ಅವರಲ್ಲಿ ಹೆಚ್ಚು ಮತ್ತು ಆ ವ್ಯತ್ಯಯವನ್ನು ವೇಗಸ್ಸಿನ ಅಳತೆಗೋಲೆಂದು ಬಹುಕಾಲ ನಂಬಲಾಗಿತ್ತು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಕೂಟ್ ಈ ನಿಲುವಿನ ಪ್ರಮುಖ ವಕ್ತಾರರು.

ನರವನ್ನು ಇಚ್ಛೆಯಿಂದ ಹಿಡಿದು ಹೃದಯವನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಯೂ ಇಲ್ಲಿಗೆ ಸೇರುತ್ತದೆ, ಮತ್ತು ಅದರ ಇತಿಹಾಸ ಮೈಸೂರನ್ನು ಹಾದುಹೋಗುತ್ತದೆ. ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ 1935ರಲ್ಲಿ ಇಸಿಜಿ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದು ಯೋಗಾಭ್ಯಾಸಿಗಳನ್ನು ಪರೀಕ್ಷಿಸಿದಾಗ, ಮೈಸೂರಿನಲ್ಲಿ ಯೋಗಶಾಲೆ ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರೂ ಅವರಲ್ಲಿ ಒಬ್ಬರು. ಹೃದಯ ಬಹುತೇಕ ನಿಂತಂತೆ ಕಾಣುವ ದಾಖಲೆಗಳು ಸುದ್ದಿ ಮಾಡಿದವು. ವೆಂಗರ್, ಬಾಗ್ಚಿ ಮತ್ತು ಬಿ. ಕೆ. ಆನಂದ್ ಭಾರತದಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗಗಳು ಆ ಉತ್ಸಾಹಕ್ಕೆ ತಡೆ ಹಾಕಿದವು: ಉಸಿರು ಬಿಗಿಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕೈಗೆ ಸಿಗದಂತಾಗುತ್ತದೆ, ಹೃದಯದ ಶಬ್ದವೂ ಕೇಳಿಸದಂತಾಗುತ್ತದೆ, ಆದರೆ ಇಸಿಜಿಯಲ್ಲಿ ಮಿಡಿತ ಮುಂದುವರಿದೇ ಇರುತ್ತದೆ. ಒಬ್ಬ ಅಭ್ಯಾಸಿ ಮಾತ್ರ ಹೃದಯವನ್ನು ನಿಜವಾಗಿ ನಿಧಾನಗೊಳಿಸಿದ್ದರು. ನಾಡಿ ಮರೆಯಾಗುವುದಕ್ಕೂ ಹೃದಯ ನಿಲ್ಲುವುದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬರಹ ಮತ್ತೊಂದು ಸಿಗುವುದು ಕಷ್ಟ. ಜನಪ್ರಿಯ ಬರಹಗಳು ಮಾತ್ರ ಇಂದಿಗೂ ಹಳೆಯ ಸುದ್ದಿಯನ್ನೇ ಹೇಳುತ್ತಿವೆ.

ಗಂಟಿನ ಪಕ್ಷ

ವೇಗಸ್ ಪಕ್ಷಕ್ಕೆ ಎದುರಾದ ಪುರಾವೆ ಒಂದು ಸರಳ ಪ್ರಯೋಗದಿಂದ ಹುಟ್ಟಿತು. ಹೃದಯವನ್ನು ನಿಧಾನಗೊಳಿಸುವ ವೇಗಸ್ಸನ್ನು ಅಟ್ರೋಪಿನ್ನಿನಿಂದಲೂ, ಚುರುಕುಗೊಳಿಸುವ ಸಿಂಪಥೆಟಿಕ್ ನರಗಳನ್ನು ಪ್ರೊಪ್ರನಲಾಲ್‌ನಿಂದಲೂ ಒಟ್ಟಿಗೆ ಮೌನಗೊಳಿಸಿದರೆ ಉಳಿಯುವುದು ಗಂಟಿನ ಸ್ವಂತ ವೇಗ. ಆಂಟನಿ ಜೋಸ್ ಮತ್ತು ಕಾಲಿಸನ್ 1970ರಲ್ಲಿ ಆರೋಗ್ಯವಂತರಲ್ಲಿ ಈ ಸ್ವಂತ ವೇಗಕ್ಕೆ ಸೂತ್ರ ಕೊಟ್ಟರು: 118.1ರಿಂದ ವಯಸ್ಸಿನ 0.57 ಪಾಲನ್ನು ಕಳೆದರೆ ಬರುವ ಸಂಖ್ಯೆ. ಇಪ್ಪತ್ತರ ವಯಸ್ಸಿನಲ್ಲಿ ಅದು ಸುಮಾರು 107, ಅರವತ್ತರಲ್ಲಿ ಸುಮಾರು 84. ನರಗಳು ಕತ್ತರಿಸಿಹೋದ ಕಸಿ ಹೃದಯ ವಿಶ್ರಾಂತಿಯಲ್ಲೂ 90ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಮಿಡಿಯುವುದು ಈ ಲೆಕ್ಕಕ್ಕೆ ಹೊಂದುತ್ತದೆ. ಅಂದರೆ ಸಾಮಾನ್ಯ ಮನುಷ್ಯನ 70ರ ಮಿಡಿತವೇ ವೇಗಸ್ಸು ಎಳೆದು ನಿಲ್ಲಿಸಿದ ಮಿಡಿತ.

ಕಟೋನಾ ಮತ್ತು ಸಂಗಡಿಗರು 1982ರಲ್ಲಿ ಇದೇ ಜೋಡಿ ತಡೆಯನ್ನು ಕ್ರೀಡಾಪಟುಗಳಿಗೂ ಇತರರಿಗೂ ಪ್ರಯೋಗಿಸಿ, ಕ್ರೀಡಾಪಟುಗಳ ಗಂಟಿನ ಸ್ವಂತ ವೇಗವೇ ಕಡಿಮೆ, ವೇಗಸ್ಸಿನ ಹಿಡಿತ ಹೆಚ್ಚಿಲ್ಲ ಎಂದು ಕಂಡರು. ಹಲವು ವರ್ಷ ಇದು ಹೆಚ್ಚು ಗಮನ ಸೆಳೆಯಲಿಲ್ಲ. ಇದಕ್ಕೆ ಅಣುಮಟ್ಟದ ವಿವರಣೆ ಸಿಕ್ಕಿದ್ದು ಮ್ಯಾಂಚೆಸ್ಟರಿನ ಮಾರ್ಕ್ ಬಾಯೆಟ್, ಅಲೀಷಿಯಾ ಡಿಸೋಜಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅದರ ಹಿನ್ನೆಲೆ ಹೀಗಿದೆ: ಸೈನಸ್ ಗಂಟಿನ ಕೋಶಗಳು ಪ್ರತಿ ಮಿಡಿತದ ನಂತರ ತಾವಾಗಿಯೇ ಮತ್ತೆ ವಿದ್ಯುತ್ತುಗೂಡಲು ಸಹಾಯ ಮಾಡುವ, ‘ಫನ್ನಿ’ ಪ್ರವಾಹ ಎಂದು ಕರೆಯಲಾಗುವ ವಿದ್ಯುತ್ ಹರಿವನ್ನು ಬ್ರೌನ್, ಡಿಫ್ರಾನ್ಚೆಸ್ಕೊ ಮತ್ತು ನೋಬಲ್ 1979ರಲ್ಲಿ ವಿವರಿಸಿದ್ದರು, ಅದನ್ನು ಹಾಯಿಸುವ ಮುಖ್ಯ ಕಾಲುವೆ ಎಚ್‌ಸಿಎನ್4 ಎಂಬ ಪ್ರೋಟೀನು. ವ್ಯಾಯಾಮದಲ್ಲಿ ಪಳಗಿಸಿದ ಇಲಿಗಳಲ್ಲಿ ಈ ಕಾಲುವೆಯ ಪ್ರಮಾಣ ತಗ್ಗಿತ್ತು, ನರಗಳ ಪರಿಣಾಮವನ್ನು ತಡೆದ ಮೇಲೂ ಮಂದಗತಿ ಉಳಿದಿತ್ತು, ಆ ಪ್ರವಾಹವನ್ನೇ ತಡೆದಾಗ ಪಳಗಿದ ಮತ್ತು ಪಳಗದ ಇಲಿಗಳ ನಡುವಿನ ವ್ಯತ್ಯಾಸ ಅಳಿಸಿಹೋಯಿತು. ಎಚ್‌ಸಿಎನ್4 ಜೀನಿನ ದೋಷದಿಂದ ಕುಟುಂಬವೊಂದರ ಹಲವು ಸದಸ್ಯರಿಗೆ ಮಂದಗತಿ ಬರುವ ಸಂಗತಿ 2006ರಲ್ಲೇ ವರದಿಯಾಗಿತ್ತು.

ಹೃದಯಗತಿಯ ವ್ಯತ್ಯಯದ ವಾದಕ್ಕೂ ಈ ಪಕ್ಷದವರು ಪೆಟ್ಟು ಕೊಟ್ಟರು. ವ್ಯತ್ಯಯ ಮಿಡಿತದ ವೇಗದ ಮೇಲೆಯೇ ನಿಂತಿದೆ, ಮಿಡಿತ ನಿಧಾನವಾದಾಗ ಯಾವ ಕಾರಣದಿಂದಲಾದರೂ ಅದು ಹೆಚ್ಚುತ್ತದೆ. ಹಾಗಾಗಿ ಅದನ್ನು ವೇಗಸ್ಸಿನ ಅಳತೆ ಎನ್ನುವುದು ಸಾಧಿಸಬೇಕಾದ್ದನ್ನು ಮೊದಲೇ ಒಪ್ಪಿಕೊಂಡಂತೆ ಎಂಬುದು ಅವರ ತರ್ಕ. ಎರಡೂ ಪಕ್ಷಗಳು 2015ರಲ್ಲಿ ಒಂದೇ ಪತ್ರಿಕೆಯಲ್ಲಿ ಮುಖಾಮುಖಿ ವಾದ ಮಂಡಿಸಿದವು.

ತೂಗಿ ನೋಡಿದರೆ ಗಂಟಿನ ಪಕ್ಷದ ತಟ್ಟೆ ಸ್ವಲ್ಪ ಕೆಳಗೆ ಬಾಗುತ್ತದೆ, ಏಕೆಂದರೆ ಅಟ್ರೋಪಿನ್ನಿಗೆ ಮಿಡಿತ ಏರುವುದು ವೇಗಸ್ಸು ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ, ಅದು ಇತರರಿಗಿಂತ ಹೆಚ್ಚು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಆದರೆ ಮಿಡಿತ ನಿಮಿಷಕ್ಕೆ ಐದಾರು ನೂರರಷ್ಟಿರುವ, ಇಲಿಗಳಂಥ ಪುಟ್ಟ ಪ್ರಾಣಿಯ ಪುರಾವೆಯನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸುವಂತಿಲ್ಲ ಎಂಬ ಆಕ್ಷೇಪವೂ ಹುರುಳಿಲ್ಲದ್ದಲ್ಲ. ಕೆಲವು ತಿಂಗಳ ತರಬೇತಿಯಲ್ಲಿ ವೇಗಸ್ಸು ಮುಂದಾಗಿದ್ದು, ಹಲವು ವರ್ಷಗಳ ದುಡಿಮೆಯಲ್ಲಿ ಗಂಟೇ ಮಾರ್ಪಡುವುದು ಅಸಾಧ್ಯವೇನಲ್ಲ.

ಮೂರನೆಯ ಸಾಧ್ಯತೆ: ಹುಟ್ಟುಗುಣ

ನಿಧಾನ ಹೃದಯದೊಂದಿಗೆ ಹುಟ್ಟಿದವರೇ ದೂರದ ಓಟಕ್ಕೆ ಹೆಚ್ಚಾಗಿ ಬರುತ್ತಾರೆಯೇ? ಮಿಡಿತದ ವೇಗ ಭಾಗಶಃ ಆನುವಂಶಿಕ. ಐಸ್‌ಲೆಂಡಿನ ಸಂಶೋಧಕರು 2011ರಲ್ಲಿ ಹೃದಯಸ್ನಾಯುವಿನ ಪ್ರೋಟೀನೊಂದರ ಜೀನಿನಲ್ಲಿ ಅಪರೂಪದ ಮಾರ್ಪಾಟೊಂದು ಸೈನಸ್ ಗಂಟಿನ ರೋಗಕ್ಕೆ ದಾರಿಮಾಡುತ್ತದೆ ಎಂದು ತೋರಿಸಿದರು. ತರಬೇತಿ ನಿಲ್ಲಿಸಿದಾಗ ಮಿಡಿತ ಏರುವುದರಿಂದ ಹುಟ್ಟುಗುಣವೊಂದೇ ಕಾರಣವಾಗಲಾರದು. ಆದರೂ ಒಂದೇ ತರಬೇತಿ ಪಡೆದ ಇಬ್ಬರಲ್ಲಿ ಒಬ್ಬರ ಮಿಡಿತ 38ಕ್ಕೂ ಇನ್ನೊಬ್ಬರದು 55ಕ್ಕೂ ನಿಲ್ಲುವುದನ್ನು ನರವಾಗಲಿ ಕಾಲುವೆಯಾಗಲಿ ವಿವರಿಸುವುದಿಲ್ಲ.

ಜ್ವರ, ವಿಷ, ಔಷಧ

ಮಂದಗತಿಯ ಎಷ್ಟೋ ಪ್ರಕರಣಗಳಿಗೂ ಕ್ರೀಡೆಗೂ ಸಂಬಂಧವಿಲ್ಲ, ಗಂಟಿನ ರೋಗಕ್ಕೂ ಇಲ್ಲ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು, ಕೆಲವು ಕ್ಯಾಲ್ಸಿಯಂ ತಡೆಗಳು, ಡಿಗಾಕ್ಸಿನ್, ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಥೈರಾಯ್ಡ್ ಕೊರತೆ, ಹೃದಯದ ಕೆಳಗೋಡೆಯ ಆಘಾತ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವನ್ನು ಮೊದಲು ಹುಡುಕಬೇಕು, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವು.

ಗ್ರಾಮೀಣ ಕರ್ನಾಟಕದ ಆಸ್ಪತ್ರೆಗಳಿಗೆ ವಿಷದ ಪ್ರಕರಣಗಳು ಹೊಸವಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನು ಕೆಡಿಸುತ್ತವೆ. ಲೋವಿ ಕಂಡ ಅದೇ ರಾಸಾಯನಿಕ ದೇಹದಲ್ಲಿ ತುಂಬಿಕೊಂಡು ಹೃದಯ ನಿಧಾನವಾಗುತ್ತದೆ, ಬಾಯಲ್ಲೂ ಶ್ವಾಸನಾಳದಲ್ಲೂ ದ್ರವ ಉಕ್ಕುತ್ತದೆ, ಚಿಕಿತ್ಸೆಗೆ ಅಟ್ರೋಪಿನ್ ಬೇಕಾಗುತ್ತದೆ. ಹಿತ್ತಲಲ್ಲೂ ದೇವಸ್ಥಾನದಂಗಳದಲ್ಲೂ ಬೆಳೆಯುವ ಕಣಗಿಲೆಯ ವಿಷ ಬೇರೆ ಬಗೆಯದು: ಅದರಲ್ಲಿರುವ, ಡಿಗಾಕ್ಸಿನ್ನಿಗೆ ಹತ್ತಿರದ ಸಂಯುಕ್ತಗಳು ಎವಿ ಗಂಟಿನಲ್ಲಿ ತಡೆ ಹುಟ್ಟಿಸುತ್ತವೆ.

ಜ್ವರದ ವಿಷಯ ಇನ್ನೂ ಕುತೂಹಲಕರ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮಿಡಿತ ಎಂಟು ಹತ್ತು ಏರುವುದು ಸಹಜ. ಹಾಗೆ ಏರದಿದ್ದರೆ ಅದನ್ನು ಸಾಪೇಕ್ಷ ಮಂದಗತಿ ಎನ್ನುತ್ತಾರೆ. ಹಳದಿ ಜ್ವರದಲ್ಲಿ ಇದನ್ನು ವರ್ಣಿಸಿದ ಫಾಜೆ ಎಂಬ ವೈದ್ಯರ ಹೆಸರು ಈ ಲಕ್ಷಣಕ್ಕೆ ಅಂಟಿಕೊಂಡಿದೆ. ಟೈಫಾಯ್ಡಿನಲ್ಲಿ ಇದು ಪಾಠದಂತೆ ಹೇಳಿಕೊಡುವ ಲಕ್ಷಣ, ಆದರೆ ಎಲ್ಲ ರೋಗಿಗಳಲ್ಲೂ ಕಾಣುವುದಿಲ್ಲ. ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಇದು ವರದಿಯಾಗಿದೆ. ಕೆಲವು ಸೋಂಕುಗಳಲ್ಲಿ ಮಾತ್ರ ಏಕೆ ಹೀಗಾಗುತ್ತದೆ ಎಂಬುದಕ್ಕೆ ಒಪ್ಪಿತವಾದ ವಿವರಣೆ ಇಲ್ಲ.

ಪೇಸ್‌ಮೇಕರ್ ಯಾರಿಗೆ

ಸ್ಟಾಕ್‌ಹೋಮಿನಲ್ಲಿ 1958ರ ಅಕ್ಟೋಬರ್ 8ರಂದು ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಸಾಧನವನ್ನು ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಅಳವಡಿಸಿದರು. ಆ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಪೂರ್ಣ ತಡೆಯಿಂದ ದಿನಕ್ಕೆ ಹಲವು ಬಾರಿ ಮೂರ್ಛೆ ಹೋಗುತ್ತಿದ್ದ ಲಾರ್ಸನ್ ಮಾತ್ರ ಒಂದರ ನಂತರ ಒಂದರಂತೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬಳಸಿ 2001ರವರೆಗೆ ಬದುಕಿದರು.

ಎವಿ ಗಂಟಿನ ಕೆಳಗಿನ ಪೂರ್ಣ ತಡೆ, ಥಟ್ಟನೆ ಮಿಡಿತ ತಪ್ಪುವ ಎರಡನೆಯ ಮೆಟ್ಟಿಲಿನ ತಡೆ, ಇವುಗಳಲ್ಲಿ ಸರಿಪಡಿಸಬಹುದಾದ ಕಾರಣ ಇಲ್ಲದಿದ್ದರೆ, ಲಕ್ಷಣವಿರಲಿ ಇಲ್ಲದಿರಲಿ, ಪೇಸ್‌ಮೇಕರ್ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಸೈನಸ್ ಗಂಟಿನ ಮಂದಗತಿಯ ಮಾತು ಬೇರೆ. ಅಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಮಿಡಿತವಾದರೆ, ಇಂತಿಷ್ಟು ಸೆಕೆಂಡು ನಿಂತರೆ ಸಾಧನ ಹಾಕಬೇಕು ಎಂಬ ಕನಿಷ್ಠ ಅಂಕಿಯೇ ಇಲ್ಲವೆಂದು 2018ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ತಲೆಸುತ್ತು ಅಥವಾ ಮೂರ್ಛೆ ಬಂದ ಹೊತ್ತಿನಲ್ಲೇ ಹೃದಯ ನಿಧಾನವಾಗಿತ್ತು ಎಂಬುದು ದಾಖಲಾಗಬೇಕು. ಒಂದು ದಿನದ ಹೋಲ್ಟರ್ ದಾಖಲೆಯಲ್ಲಿ ಮೂರ್ಛೆ ಸಿಕ್ಕಿಬೀಳದೆ ಹೋಗುವುದೇ ಹೆಚ್ಚು, ಆದ್ದರಿಂದ ವಾರಗಟ್ಟಲೆ ದಾಖಲಿಸುವ ಅಥವಾ ಚರ್ಮದಡಿ ಇಡುವ ಸಾಧನಗಳು ಬಂದಿವೆ.

ಇತ್ಯರ್ಥವಾಗದೆ ಉಳಿದದ್ದು

ಕ್ರೀಡಾಪಟುವಿನ ಮಂದಗತಿ ಮುಪ್ಪಿನಲ್ಲಿ ರೋಗವಾಗಿ ತಿರುಗುತ್ತದೆಯೇ ಎಂಬುದು ಉತ್ತರ ಸಿಗದ ಪ್ರಶ್ನೆಗಳಲ್ಲಿ ಮೊದಲನೆಯದು. ಸ್ವಿಟ್ಜರ್ಲೆಂಡಿನ 62 ಮಾಜಿ ವೃತ್ತಿಪರ ಸೈಕಲ್ ಪಟುಗಳನ್ನು ಅಷ್ಟೇ ಮಂದಿ ಗಾಲ್ಫ್ ಆಟಗಾರರಿಗೆ ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೈನಸ್ ಗಂಟಿನ ರೋಗ ಸೈಕಲ್ ಪಟುಗಳಲ್ಲಿ 10 ಮಂದಿಗೆ, ಗಾಲ್ಫ್ ಆಟಗಾರರಲ್ಲಿ ಒಬ್ಬರಿಗೆ ಕಂಡಿತು. ಸ್ವೀಡನ್ನಿನ ವಾಸಾ ಹಿಮಜಾರು ಸ್ಪರ್ಧೆಯಲ್ಲಿ ಭಾಗವಹಿಸಿದ 50 ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳಲ್ಲಿ, ಹೆಚ್ಚು ಬಾರಿ ಓಟ ಮುಗಿಸಿದವರಿಗೆ ಹೃದಯಗತಿಯ ತೊಂದರೆಗಳು ಹೆಚ್ಚು ಎಂದು 2013ರಲ್ಲಿ ವರದಿಯಾಯಿತು. ಮೊದಲನೆಯದು ಚಿಕ್ಕದು, ಎರಡರಲ್ಲೂ ತರಬೇತಿಯ ಪಾತ್ರವನ್ನು ಹುಟ್ಟುಗುಣದ ಪಾತ್ರದಿಂದ ಬೇರ್ಪಡಿಸಿಲ್ಲ. ಮಹಿಳಾ ಕ್ರೀಡಾಪಟುಗಳ ಬಗ್ಗೆ ಇರುವ ಪುರಾವೆ ಇನ್ನೂ ತೆಳು.

ವೇಗಸ್ಸಿನಿಂದಲೇ ಬರುವ ತಡೆಗೆ ಹೃದಯದ ಗೋಡೆಯ ನರಗಂಟುಗಳನ್ನು ಸುಟ್ಟು ಪೇಸ್‌ಮೇಕರ್ ತಪ್ಪಿಸುವ ಚಿಕಿತ್ಸೆ ಕೆಲವು ಕೇಂದ್ರಗಳಲ್ಲಿ ನಡೆಯುತ್ತಿದೆ, ಆದರೆ ದಶಕಗಳ ನಂತರ ಅದರ ಫಲ ಏನೆಂಬುದಕ್ಕೆ ಕಾಲವೇ ಸಾಕಾಗಿಲ್ಲ. ಮಣಿಕಟ್ಟಿನ ಗಡಿಯಾರಗಳು ರಾತ್ರಿಯಿಡೀ ಎಣಿಸಿ ಕೊಡುವ ಅಂಕಿಗಳಲ್ಲಿ ಯಾವುದನ್ನು ವೈದ್ಯರ ಬಳಿಗೆ ಒಯ್ಯಬೇಕು ಎಂಬುದಕ್ಕೂ ಒಪ್ಪಿತವಾದ ನಿಯಮವಿಲ್ಲ. ನರ-ಗಂಟುಗಳ ವ್ಯಾಜ್ಯ ತೀರಬೇಕಾದರೆ, ತರಬೇತಿ ಶುರುವಾಗುವ ಮೊದಲೇ ಹದಿಹರೆಯದವರ ಗಂಟಿನ ಸ್ವಂತ ವೇಗವನ್ನು ಅಳೆದು, ಅವರನ್ನು ಕ್ರೀಡಾಜೀವನ ಮುಗಿದ ನಂತರವೂ ಅನುಸರಿಸುವ ಅಧ್ಯಯನ ಬೇಕು. ಇಲಿಗಳ ಮೇಲಿನ ಇನ್ನಷ್ಟು ಪ್ರಯೋಗಗಳಿಂದ ಅದು ತೀರುವುದಿಲ್ಲ.